ಮಳೆ ಎಣಿಸುವ ಮ್ಯಾಗ್ನೆಟ್ ಸ್ವಿಚ್ಚು: ಅನುಮಾನ ಪಡಬೇಕಾದದ್ದು ಎಲ್ಲಿ?

ತಾನಾಗಿಯೇ ಲೆಕ್ಕ ಇಡುವ ಮಳೆಮಾಪಕವನ್ನು ತೋಟದಲ್ಲಿ ಹಾಕಿಸಿಕೊಂಡವರು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹೇಳುವ ದೂರು ಹೆಚ್ಚುಕಡಿಮೆ ಒಂದೇ: ಸ್ವಿಚ್ಚು ಕೆಟ್ಟಿದೆ, ಲೆಕ್ಕ ತಪ್ಪುತ್ತಿದೆ. ಪಕ್ಕದ ತೋಟದ ಗಾಜಿನ ಅಳತೆಗೂ ಇದಕ್ಕೂ ತಾಳೆಯಾಗುವುದಿಲ್ಲ, ಜೋರು ಮಳೆಯಲ್ಲಿ ಕಡಿಮೆ ತೋರಿಸುತ್ತದೆ, ಮಳೆಯೇ ಇಲ್ಲದ ದಿನ ಎರಡು ಮಿಲಿಮೀಟರ್ ಬಂದಿದೆ ಅನ್ನುತ್ತದೆ. ಕೊನೆಗೆ ಯಂತ್ರವನ್ನೇ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಲೆಕ್ಕ ತಪ್ಪುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಆಪಾದನೆ ಹೊರಿಸುವ ಜಾಗ ತಪ್ಪು. ಇಡೀ ಯಂತ್ರದಲ್ಲಿ ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕಾದ ಭಾಗ ಆ ಚಿಕ್ಕ ಮ್ಯಾಗ್ನೆಟ್ ಸ್ವಿಚ್ಚು. ತಪ್ಪು ನಡೆಯುವುದು ಅದಕ್ಕಿಂತ ಮೇಲೆ, ನೀರು ಬೀಳುವ ಲಾಳಿಕೆಯಲ್ಲಿ. ಇಲ್ಲವೇ ಅದಕ್ಕಿಂತ ಮುಂದೆ, ತಂತಿಯಲ್ಲಿ ಮತ್ತು ಎಣಿಸುವ ಪೆಟ್ಟಿಗೆಯಲ್ಲಿ.

ಯಂತ್ರದ ಕೆಲಸ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಲಾಳಿಕೆಯಿಂದ ಇಳಿದ ನೀರು ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದಕ್ಕೆ ಬೀಳುತ್ತದೆ. ಎರಡೂ ಬಟ್ಟಲುಗಳು ಒಂದೇ ಅಚ್ಚಿನ ಮೇಲೆ, ಮಕ್ಕಳ ಏತದ ಹಲಗೆಯ ಎರಡು ತುದಿಗಳಂತೆ ಕೂತಿರುತ್ತವೆ. ಒಂದು ತುಂಬಿದ ಕೂಡಲೇ ಭಾರಕ್ಕೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಲಾಳಿಕೆಯ ಕೆಳಗೆ ಬರುತ್ತದೆ. 1662ರ ಸುಮಾರಿಗೇ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ಇಂಥ ಮಗುಚುವ ಬಟ್ಟಲಿನ ಕಲ್ಪನೆಗೆ ರೂಪ ಕೊಟ್ಟಿದ್ದ. ಬಟ್ಟಲು ಹಳೆಯದು, ಎಣಿಸುವ ವಿಧಾನ ಮಾತ್ರ ಹೊಸದು. ಅಚ್ಚಿಗೆ ಅಂಟಿಸಿದ ಪುಟ್ಟ ಮ್ಯಾಗ್ನೆಟ್ ಪ್ರತಿ ಸಲ ಮಗುಚುವಾಗಲೂ ಒಂದು ಗಾಜಿನ ಕೊಳವೆಯ ಎದುರಿನಿಂದ ಹಾದುಹೋಗುತ್ತದೆ. ಆ ಕೊಳವೆಯೇ ರೀಡ್ ಸ್ವಿಚ್ಚು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ್ದು ಇದೇ. ಒಳಗೆ ನಿಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಎರಡು ತೆಳು ಪಟ್ಟಿಗಳು ಒಂದಕ್ಕೊಂದು ತಾಗದಂತೆ, ಕೂದಲೆಳೆಯಷ್ಟು ಅಂತರದಲ್ಲಿರುತ್ತವೆ. ಮ್ಯಾಗ್ನೆಟ್ ಹತ್ತಿರ ಬಂದರೆ ಪಟ್ಟಿಗಳು ಕೂಡಿಕೊಳ್ಳುತ್ತವೆ, ದೂರ ಸರಿದರೆ ತಮ್ಮ ಸ್ಥಿತಿಸ್ಥಾಪಕ ಗುಣದಿಂದಲೇ ಬಿಟ್ಟುಕೊಳ್ಳುತ್ತವೆ. ಕೂಡಲು ಬೇಕಾಗುವ ಹೊತ್ತು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಗಾಜು ಪೂರ್ತಿ ಮುಚ್ಚಿರುತ್ತದೆ, ಒಳಗೆ ತುಂಬಿರುವುದು ತುಕ್ಕು ಹಿಡಿಸದ ಅನಿಲ. ಮಲೆನಾಡಿನ ತೇವ, ಕರಾವಳಿಯ ಉಪ್ಪುಗಾಳಿ, ಬಯಲುಸೀಮೆಯ ಧೂಳು ಯಾವುದೂ ಆ ಪಟ್ಟಿಗಳನ್ನು ಮುಟ್ಟುವುದಿಲ್ಲ. ಕಡಿಮೆ ಕರೆಂಟಿನಲ್ಲಿ ದುಡಿಸಿದರೆ ಇಂಥ ಸ್ವಿಚ್ಚು ಕೋಟಿಗಟ್ಟಲೆ ಸಲ ಕೂಡಿ ಬಿಡಬಲ್ಲದು. ವರ್ಷಕ್ಕೆ 4,000 ಮಿಲಿಮೀಟರ್ ಸುರಿಯುವ ಘಟ್ಟದ ಊರಿನಲ್ಲೂ, 0.2 ಮಿಲಿಮೀಟರಿಗೊಮ್ಮೆ ಮಗುಚುವ ಬಟ್ಟಲು ವರ್ಷಕ್ಕೆ ಮಗುಚುವುದು 20,000 ಸಲ ಮಾತ್ರ. ಸವೆದು ಹೋಯಿತು ಅನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಾದರೆ ಕಡಿಮೆ ತೋರಿಸುವುದು ಏಕೆ? ಮೊದಲ ಕಾರಣ ಬಟ್ಟಲಿನ ಸ್ವಭಾವದಲ್ಲೇ ಇದೆ. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಸುರಿಯುವಾಗ ಬಟ್ಟಲು ಸುಮಾರು ಏಳು ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಆ ಗಳಿಗೆಯಲ್ಲೂ ಮೇಲಿನಿಂದ ನೀರು ಬೀಳುತ್ತಲೇ ಇರುತ್ತದೆ. ಅದು ಈಗಾಗಲೇ ತುಂಬಿದ ಬಟ್ಟಲಿಗೇ ಬಿದ್ದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಪ್ರತಿ ಸಲ ಕಾಲು ಸೆಕೆಂಡಿನ ನೀರು ತಪ್ಪಿತು ಎಂದುಕೊಂಡರೂ ನೂರಕ್ಕೆ ಮೂರೂವರೆ ಪಾಲು ಕಡಿಮೆ ಬರುತ್ತದೆ. ಸ್ವಿಚ್ಚು ತನ್ನೆದುರು ಹಾದುಹೋದ ಮ್ಯಾಗ್ನೆಟ್ಟನ್ನು ಒಂದೂ ಬಿಡದೆ ಎಣಿಸಿದೆ. ತಪ್ಪಿದ್ದು ನೀರು. ಸೋನೆ ಮಳೆಯಲ್ಲಿ ಇನ್ನೊಂದು ಬಗೆಯ ನಷ್ಟ: ಅರ್ಧ ತುಂಬಿ ನಿಂತ ಬಟ್ಟಲಿನ ನೀರು ಬಿಸಿಲು ಬಂದಾಗ ಆರಿಹೋಗುತ್ತದೆ. ಎರಡನೇ ಕಾರಣ ಲಾಳಿಕೆಯ ಕಸ. ಅಡಿಕೆ ಸಿಂಗಾರದ ಉದುರು, ಸಿಲ್ವರ್ ಓಕಿನ ಎಲೆ, ಹಕ್ಕಿ ಹಿಕ್ಕೆ, ಕಣಜ ಕಟ್ಟಿದ ಮಣ್ಣಿನ ಗೂಡು, ಇವುಗಳಲ್ಲಿ ಯಾವುದಾದರೊಂದು ಸಾಕು. ಇದನ್ನು ದಾಖಲೆಯಲ್ಲೇ ಹಿಡಿಯಬಹುದು. ರಂಧ್ರ ಅರೆಬರೆ ಕಟ್ಟಿದ ಮಳೆಮಾಪಕ ಜಡಿಮಳೆ ಬರುವಾಗ ಮಂದವಾಗಿ ಎಣಿಸುತ್ತದೆ; ಮಳೆ ನಿಂತು ಬಿಸಿಲು ಬಿದ್ದ ಮೇಲೂ ಗಂಟೆಗಟ್ಟಲೆ, ಸಮನಾದ ಅಂತರದಲ್ಲಿ ಒಂದೊಂದೇ ಎಣಿಕೆ ಬರುತ್ತಲೇ ಇರುತ್ತದೆ. ತಂತಿ ಕಡಿದಿದ್ದರೆ ಹೀಗಾಗುವುದಿಲ್ಲ, ಆಗ ಏನೂ ಬರುವುದಿಲ್ಲ. ಬಿಸಿಲಿನಲ್ಲಿ ಮಳೆ ತೋರಿಸುವ ಯಂತ್ರವನ್ನು ರಿಪೇರಿಗೆ ಕಳಿಸುವ ಮೊದಲು ಒಂದು ಕಡ್ಡಿಯಿಂದ ಲಾಳಿಕೆಯ ಕಂಡಿ ಬಿಡಿಸಿ ನೋಡುವುದು ಒಳ್ಳೆಯದು.

ಹೆಚ್ಚು ತೋರಿಸುವ ಕಾಯಿಲೆಯ ಮೂಲ ಬೇರೆ. ಲೋಹದ ಪಟ್ಟಿಗಳು ಕೂಡುವ ಕ್ಷಣದಲ್ಲಿ ಒಮ್ಮೆಗೇ ನಿಲ್ಲುವುದಿಲ್ಲ; ಕಣ್ಣಿಗೆ ಕಾಣದಷ್ಟು ಬೇಗ ಎರಡು ಮೂರು ಸಲ ಪುಟಿದು ಆಮೇಲೆ ನಿಲ್ಲುತ್ತವೆ. ಹಳೆಯ ಮುಳ್ಳಿನ ಎಣಿಕೆಯಂತ್ರ ನಿಧಾನದ್ದು, ಅದಕ್ಕೆ ಈ ಪುಟಿತ ಗೊತ್ತೇ ಆಗುತ್ತಿರಲಿಲ್ಲ. ಇಂದಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಅತಿ ಚುರುಕಿನದು, ಒಂದು ಮಗುಚನ್ನು ಮೂರೆಂದು ಬರೆದುಕೊಳ್ಳುತ್ತದೆ. ಮದ್ದು ಸುಲಭ: ಒಂದು ಸಲ ಎಣಿಸಿದ ಮೇಲೆ ಕಾಲು ಸೆಕೆಂಡಿನವರೆಗೆ ಬರುವ ಬೇರೆ ಸಂಕೇತಗಳನ್ನು ಕಡೆಗಣಿಸುವಂತೆ ಪೆಟ್ಟಿಗೆಗೆ ಹೇಳಿಕೊಡುವುದು. ಎಂಥ ಕುಂಭದ್ರೋಣ ಮಳೆಯಲ್ಲೂ ಬಟ್ಟಲು ಅಷ್ಟು ಬೇಗ ಎರಡು ಸಲ ಮಗುಚಲಾರದು, ಆದ್ದರಿಂದ ಇದರಲ್ಲಿ ನಿಜವಾದ ಎಣಿಕೆ ಕಳೆದುಹೋಗುವ ಭಯವಿಲ್ಲ. ಒಳ್ಳೆಯ ಕಂಪನಿಯ ಎಣಿಕೆ ಪೆಟ್ಟಿಗೆ‌ಗಳಲ್ಲಿ ಇದು ಮೊದಲೇ ಇರುತ್ತದೆ. ಯಾರೋ ಆಸಕ್ತ ಹುಡುಗರು ಕಡಿಮೆ ಖರ್ಚಿನಲ್ಲಿ ಮಾಡಿಕೊಟ್ಟ ಪೆಟ್ಟಿಗೆಯಾದರೆ ಕೇಳಿಯೇ ತಿಳಿದುಕೊಳ್ಳಬೇಕು. ಮಳೆಯಿಲ್ಲದ ದಿನದ ಎಣಿಕೆಗೆ ಗಾಳಿಗೆ ಅಲ್ಲಾಡುವ ಕಂಬ, ಹತ್ತಿರದ ಸ್ಪ್ರಿಂಕ್ಲರ್, ಗುಡುಗು ಸಿಡಿಲಿನ ಹೊತ್ತಿನಲ್ಲಿ ಉದ್ದ ತಂತಿಯೊಳಗೆ ನುಗ್ಗುವ ಕರೆಂಟು ಕಾರಣ. ಇವುಗಳಲ್ಲಿ ಒಂದೂ ಗಾಜಿನ ಕೊಳವೆಯೊಳಗಿನ ದೋಷವಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಗಾಜಿನ ಅಳತೆಯೇ ಸಾಕಲ್ಲ ಎಂಬ ಆಕ್ಷೇಪಣೆಗೆ ತೂಕವಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತಲೆಮಾರುಗಳಿಂದ ಇಂಚು ಮತ್ತು ಸೆಂಟಿನಲ್ಲಿ ಮಳೆ ಬರೆದಿಟ್ಟಿದ್ದು ಗಾಜಿನ ಅಳತೆಯಿಂದಲೇ, ಮತ್ತು ಆ ಪುಸ್ತಕಗಳ ಬೆಲೆ ಯಾವ ಯಂತ್ರಕ್ಕಿಂತಲೂ ಕಡಿಮೆಯಲ್ಲ. ಆದರೆ ಬೆಳಗ್ಗೆ ಎಂಟೂವರೆಗೆ ಅಳೆದ ಗಾಜು ಹಿಂದಿನ 24 ಗಂಟೆಯ ಮೊತ್ತ ಹೇಳುತ್ತದೆ, ಮಳೆ ಬಂದ ಹೊತ್ತನ್ನು ಹೇಳುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ದಿನ 30 ಮಿಲಿಮೀಟರ್ ಬಂದಿದೆ ಎಂದುಕೊಳ್ಳಿ. ಅದು ಹೊಡೆದು ಅರ್ಧ ಗಂಟೆಯೊಳಗೆ ಬಂತೋ, ದ್ರಾವಣ ಗೊನೆಯ ಮೇಲೆ ಒಣಗಿ ಕೂತ ಮೇಲೆ ರಾತ್ರಿ ಬಂತೋ ಎಂಬುದರ ಮೇಲೆ ಮತ್ತೆ ಮರ ಹತ್ತಿಸಬೇಕೇ ಬೇಡವೇ ಎಂಬ ತೀರ್ಮಾನ ನಿಂತಿದೆ. ಕೊನೆಗಾರರು ಸಿಗುವುದೇ ಕಷ್ಟವಾಗಿರುವಾಗ ಆ ತೀರ್ಮಾನಕ್ಕೆ ದುಡ್ಡಿನ ಬೆಲೆಯಿದೆ. ರಾತ್ರಿ ತೋಟದಲ್ಲಿ ಇಲ್ಲದ ಯಜಮಾನನಿಗೆ ಈ ಹೊತ್ತನ್ನು ಹೇಳಬಲ್ಲದ್ದು ಪ್ರತಿ ಮಗುಚಿನ ಗಳಿಗೆಯನ್ನೂ ಬರೆದುಕೊಳ್ಳುವ ಸ್ವಿಚ್ಚು ಮಾತ್ರ. ಆದ್ದರಿಂದ ಗಾಜನ್ನು ಬಿಸಾಡಬೇಕಿಲ್ಲ. ಎರಡನ್ನೂ ಒಂದೆರಡು ಮಾರು ದೂರದಲ್ಲಿ ಇಡಬೇಕು. ತಿಂಗಳ ಮೊತ್ತ ಗಾಜಿನಿಂದ, ಮಳೆಯ ಹೊತ್ತು ಸ್ವಿಚ್ಚಿನಿಂದ. ಗ್ರಾಮ ಪಂಚಾಯಿತಿಯ ಸ್ವಯಂಚಾಲಿತ ಮಳೆಮಾಪಕ ಇದೆಯಲ್ಲ ಎಂದು ಕೇಳಬಹುದು. ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕಕ್ಕೆ ಬರುವುದು ಅಂಥ ಅಧಿಕೃತ ಕೇಂದ್ರದ ಅಂಕಿಯೇ ಹೊರತು ನಿಮ್ಮ ತೋಟದ್ದಲ್ಲ, ನಿಜ. ಆದರೆ ಒಂದು ಗುಡ್ಡದ ಆಚೆ ಸುರಿದ ಮಳೆ ಈಚೆ ಬೀಳದಿರುವುದು ಮಲೆನಾಡಿನಲ್ಲಿ ಹೊಸದೇನಲ್ಲ; ಔಷಧಿ ಹೊಡೆಸುವುದಕ್ಕೂ ನೀರು ಕೊಡುವುದಕ್ಕೂ ಬೇಕಾದದ್ದು ನಿಮ್ಮ ಗುಡ್ಡದ ಲೆಕ್ಕ.

ತಿಳಿದವರು ಎತ್ತುವ ಇನ್ನೊಂದು ಆಕ್ಷೇಪಣೆ: ಮ್ಯಾಗ್ನೆಟ್ಟನ್ನು ಚಲಿಸುವ ಭಾಗವೇ ಇಲ್ಲದೆ ಎಲೆಕ್ಟ್ರಾನಿಕ್ ಆಗಿ ಗುರುತಿಸುವ ಹಾಲ್ ಸೆನ್ಸರ್ ಇರುವಾಗ 1936ರ ಗಾಜಿನ ಕೊಳವೆ ಏಕೆ? ಹಾಲ್ ಸೆನ್ಸರ್ ಒಳ್ಳೆಯದೇ, ಪುಟಿತದ ಕಾಟವೂ ಅದಕ್ಕಿಲ್ಲ. ಆದರೆ ಅದು ಎಚ್ಚರವಾಗಿರಲು ಕರೆಂಟು ಬೇಕು, ಮ್ಯಾಗ್ನೆಟ್ ಬರಲಿ ಬಿಡಲಿ. ರೀಡ್ ಸ್ವಿಚ್ಚು ಕಾಯುವಾಗ ಏನೂ ಬೇಡುವುದಿಲ್ಲ. ವಾರಗಟ್ಟಲೆ ಮೋಡ ಮುಚ್ಚಿ ಸೋಲಾರ್ ಪ್ಯಾನೆಲ್ ದುಡಿಯದ ಆಷಾಢದಲ್ಲಿ, ಕರೆಂಟು ಹೋಗಿ ಮೂರು ದಿನವಾದ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮಳೆ ಎಣಿಸಬೇಕಾದದ್ದು ಅದೇ ದಿನಗಳಲ್ಲಿ. ಕಾರ್ಖಾನೆಯೊಳಗಿನ ಯಂತ್ರಕ್ಕೆ ಹಾಲ್ ಸೆನ್ಸರ್ ಸರಿ, ತೋಟದ ಮೂಲೆಯ ಕಂಬಕ್ಕೆ ರೀಡ್ ಸ್ವಿಚ್ಚೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದೇ ಸ್ವಿಚ್ಚು ನೀರಿನ ಮೀಟರಿನಲ್ಲೂ ಕೂತಿದೆ, ಮತ್ತು ಇಲ್ಲಿ ಎರಡು ಲೆಕ್ಕಗಳು ಒಂದಾಗುತ್ತವೆ. ಮೀಟರಿನ ಮುಳ್ಳಿಗೆ ಅಂಟಿಸಿದ ಮ್ಯಾಗ್ನೆಟ್ ಒಂದು ಸುತ್ತು ಬಂದಾಗ ಸ್ವಿಚ್ಚು ಒಂದು ಸಲ ಕೂಡುತ್ತದೆ. ಅದು 10 ಲೀಟರಿಗೋ 100 ಲೀಟರಿಗೋ 1,000 ಲೀಟರಿಗೋ ಎಂಬುದು ಮೀಟರಿನ ಮೇಲೆ ಬರೆದಿರುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 4,047 ಲೀಟರ್. ರೋಬಸ್ಟಾ ಕಾಫಿಗೆ ಹೂಮಳೆ ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರ್ ಬೇಕು. ಅರೆಬರೆ ಮಳೆ ಬಂದು ಮೊಗ್ಗು ಪೂರ್ತಿ ಅರಳದೆ ಹಾಳಾಗುವುದು ಬೆಳೆಗಾರರಿಗೆ ಗೊತ್ತಿರುವ ಸಂಕಟ. ಮಾರ್ಚಿನಲ್ಲಿ ಮಳೆಮಾಪಕ 15 ಮಿಲಿಮೀಟರ್ ತೋರಿಸಿದರೆ ಉಳಿದ 10 ಮಿಲಿಮೀಟರಿಗೆ ಎಕರೆಗೆ ಸುಮಾರು 40,000 ಲೀಟರ್, 100 ಲೀಟರಿನ ಮೀಟರಿನಲ್ಲಿ 400 ಎಣಿಕೆ. ಗಾಳಿಗೂ ಆವಿಗೂ ಹೋಗುವ ನೀರು ಬೇರೆ. ಇದೇ ಕೆಲಸವನ್ನು ಮೋಟಾರ್ ಓಡಿದ ಗಂಟೆಯಿಂದ ಅಳೆಯಲು ಹೋದರೆ ಮೋಸ ಹೋಗುತ್ತೇವೆ. ವೋಲ್ಟೇಜು ಇಳಿದಾಗ, ಬೋರ್‌ವೆಲ್ಲಿನ ನೀರು ಕೆಳಕ್ಕೆ ಹೋದಾಗ, ಫಿಲ್ಟರ್ ಕಟ್ಟಿದಾಗ ಅದೇ ಒಂದು ಗಂಟೆಗೆ ಬೀಳುವ ನೀರು ಬೇರೆಬೇರೆ.

ಮೀಟರ್ ಅಂದ ಕೂಡಲೇ ಬಿಲ್ಲಿನ ಭಯ ಬರುವುದು ಸಹಜ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವ ರಾಜ್ಯದಲ್ಲಿ ಮೀಟರ್ ಎಂಬುದೇ ಅನುಮಾನದ ವಸ್ತುವಾಗಿದೆ. ಆದರೆ ಪಂಪಿನ ಆಚೆ, ನಿಮ್ಮ ಪೈಪಿಗೆ ನೀವೇ ಹಾಕಿಕೊಳ್ಳುವ ನೀರಿನ ಮೀಟರಿಗೂ ವಿದ್ಯುತ್ ಮೀಟರಿಗೂ ಸಂಬಂಧವಿಲ್ಲ. ಅದು ನಿಮ್ಮ ತೋಟದ ಲೆಕ್ಕದ ಪುಸ್ತಕ, ಅಷ್ಟೇ. ನೀರಿನ ಮೀಟರಿನಲ್ಲಿ ಇನ್ನೊಂದು ಅನುಕೂಲವಿದೆ: ಮುಳ್ಳು ಮತ್ತು ಸ್ವಿಚ್ಚು ಎರಡೂ ಅಲ್ಲೇ ಇರುತ್ತವೆ. ವಾರಕ್ಕೊಮ್ಮೆ ಮುಳ್ಳಿನ ಅಂಕಿಯನ್ನೂ ಪೆಟ್ಟಿಗೆಯ ಅಂಕಿಯನ್ನೂ ಪಕ್ಕಪಕ್ಕ ಬರೆದರೆ ತಪ್ಪು ಯಾವ ಕಡೆಯದೆಂದು ತಾನೇ ಗೊತ್ತಾಗುತ್ತದೆ. ಎರಡೂ ತಾಳೆಯಾಗಿ, ನೀರು ಮಾತ್ರ ಕಡಿಮೆ ಅನಿಸಿದರೆ ಬೋರ್‌ವೆಲ್ ನೀರಿನ ಜತೆ ಗಾಳಿಯನ್ನೂ ಎಳೆಯುತ್ತಿದೆ ಎಂದು ಶಂಕಿಸಬೇಕು. ಗಾಳಿಯೂ ಮೀಟರಿನ ಚಕ್ರ ತಿರುಗಿಸುತ್ತದೆ. ಮುಳ್ಳು ಮುಂದೆ ಹೋಗಿ ಪೆಟ್ಟಿಗೆ ಹಿಂದುಳಿದರೆ ಆಗ ತಂತಿ ನೋಡಿ, ಕೊನೆಗೆ ಸ್ವಿಚ್ಚು.

ಸ್ವಿಚ್ಚು ನಿಜವಾಗಿಯೂ ಕೆಡುವುದಿಲ್ಲವೇ? ಕೆಡುತ್ತದೆ, ಬಹುಮಟ್ಟಿಗೆ ನಮ್ಮ ಕೈಯಿಂದ. ಈ ಸ್ವಿಚ್ಚು ಇರುವುದು ಸುದ್ದಿ ಹೇಳಲು, ಭಾರ ಹೊರಲು ಅಲ್ಲ. ಇದರ ಮೂಲಕ ನೇರವಾಗಿ ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನೋ ಬಲ್ಬನ್ನೋ ಓಡಿಸಲು ಹೊರಟರೆ ಪಟ್ಟಿಗಳು ಕಿಡಿಗೆ ಬೆಸೆದುಕೊಂಡು ಬಿಡುವುದೇ ಇಲ್ಲ. ವೈರ್‌ಮನ್ ಕೊಳವೆಯಿಂದ ಹೊರಬಂದ ಲೋಹದ ಕಡ್ಡಿಯನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಕೂದಲಿನಷ್ಟು ಬಿರುಕು ಬಿಟ್ಟು ತೇವ ಒಳಗೆ ಹೋಗುತ್ತದೆ. ಸ್ಪೀಕರಿನ ದೊಡ್ಡ ಮ್ಯಾಗ್ನೆಟ್ ಪಕ್ಕದಲ್ಲಿಟ್ಟರೆ ಪಟ್ಟಿಗಳು ಕೂಡಿಕೊಂಡೇ ಇರುತ್ತವೆ, ಎಣಿಕೆ ನಿಂತುಹೋಗುತ್ತದೆ. ಅಂಟು ಬಿಟ್ಟು ಬಟ್ಟಲಿನ ಮ್ಯಾಗ್ನೆಟ್ಟೇ ಉದುರಿಹೋಗಿರುವುದೂ ಉಂಟು. ಪರೀಕ್ಷೆಗೆ ಮಲ್ಟಿಮೀಟರ್ ಸಾಕು: ಬಜ಼ರ್‌ಗೆ ಇಟ್ಟು ಎರಡು ತಂತಿಗೆ ಹಿಡಿದು ಬೆರಳಿನಿಂದ ಬಟ್ಟಲನ್ನು ಮೆಲ್ಲಗೆ ಮಗುಚಿ. ಪ್ರತಿ ಸಲವೂ ಒಂದು ಚಿಕ್ಕ ಕೂಗು ಕೇಳಿದರೆ ಸ್ವಿಚ್ಚು ಆರೋಗ್ಯವಾಗಿದೆ.

ಮಿಕ್ಕ ಯಂತ್ರದ ಪರೀಕ್ಷೆಗೆ ನೀರೇ ಬೇಕು. 20 ಸೆಂಟಿಮೀಟರ್ ಅಗಲದ ದುಂಡು ಲಾಳಿಕೆಯಾದರೆ 628 ಮಿಲಿಲೀಟರ್ ನೀರು 20 ಮಿಲಿಮೀಟರ್ ಮಳೆಗೆ ಸಮ, 0.2 ಮಿಲಿಮೀಟರಿನ ಬಟ್ಟಲಿಗೆ 100 ಮಗುಚು. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಬುಡದಲ್ಲಿ ಗಾಳಿಯಾಡಲು ಒಂದು ಕಂಡಿ ಬಿಟ್ಟು, ಇಷ್ಟು ನೀರು ಸುಮಾರು ಒಂದು ಗಂಟೆಯಲ್ಲಿ ಇಳಿಯುವಂತೆ ಲಾಳಿಕೆಯ ಮೇಲೆ ಕಟ್ಟಿ. 97ರಿಂದ 103ರ ಒಳಗೆ ಬಂದರೆ ಕೈ ಹಚ್ಚಬೇಡಿ. 80 ಬಂದರೆ ಮೊದಲು ರಸಮಟ್ಟ ಇಟ್ಟು ಯಂತ್ರ ನೆಟ್ಟಗೆ ಕೂತಿದೆಯೇ ನೋಡಿ, ಬಟ್ಟಲಿನೊಳಗಿನ ಪಾಚಿ ತೊಳೆಯಿರಿ. 200ರ ಹತ್ತಿರ ಬಂದರೆ ಪೆಟ್ಟಿಗೆ ಮಾಡಿಕೊಟ್ಟವರನ್ನು ಕರೆಯಿರಿ. ಜಾಗವೂ ಮುಖ್ಯ: ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಎರಡರಷ್ಟಾದರೂ ದೂರ ಬಿಡಬೇಕು, ಅಡಿಕೆ ಮರದ ನೆರಳಿನಲ್ಲಿ ಇಟ್ಟದ್ದು ಮಳೆಮಾಪಕವೇ ಅಲ್ಲ. ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ರೋಹಿಣಿ ಮಳೆ ಮುಗಿಯುತ್ತ ಬಂದಾಗ, ಮೃಗಶಿರಾ ಹುಟ್ಟುವ ಮೊದಲು ಮಾಡಿ, ಬಂದ ಅಂಕಿಯನ್ನು ದಿನಾಂಕದ ಸಮೇತ ಯಂತ್ರದ ಮುಚ್ಚಳದ ಒಳಗೇ ಬರೆದಿಡಿ.