ಊರಿಗಾಗಿ ಹಾಡಿದ, ಹಸಿದ, ನಡೆದ ಸಂಸದ

ಪಿರೆನೀಸ್ ಬೆಟ್ಟಸಾಲಿನಲ್ಲಿ ಲುರ್ದಿಯೋಸ್-ಇಶೇರ್ ಎಂಬ ಪುಟ್ಟ ಹಳ್ಳಿ. ಅಲ್ಲಿನ ಕುರಿಗಾಹಿ ಮನೆತನದಲ್ಲಿ 1955ರಲ್ಲಿ ಹುಟ್ಟಿದ ಝಾನ್ ಲಸಾಲ್ 2002ರಿಂದ 2022ರವರೆಗೆ ಫ್ರಾನ್ಸ್ ಸಂಸತ್ತಿನ ಕೆಳಮನೆಯಲ್ಲಿದ್ದರು. ಮಧ್ಯಮ ಪಂಥದವರು, ಬಹುಕಾಲ ಆ ಪಂಥದ ನಾಯಕ ಫ್ರಾನ್ಸ್ವಾ ಬೈರು ಅವರ ಒಡನಾಡಿ. ಚುನಾವಣೆಗೆ ನಿಲ್ಲುವ ಕನಸಿರುವವರು ಇವರ ದಾರಿಯನ್ನೊಮ್ಮೆ ನೋಡಬೇಕು.

1. ಊರಿನಿಂದಲೇ ಶುರುಮಾಡಿ. ಲಸಾಲ್ ತಮ್ಮ ಹಳ್ಳಿಯ ಮೇಯರ್ ಆದಾಗ ವಯಸ್ಸು 21. ಸಂಸದರಾದ ಮೇಲೂ ಆ ಹೊಣೆ ಬಿಡಲಿಲ್ಲ. 1977ರಿಂದ 2017ರವರೆಗೆ, ಭರ್ತಿ 40 ವರ್ಷ.

2. ಮನೆಮಾತಿಗೆ ನಾಚಬೇಡಿ. 2003ರ ಜೂನ್‌ನಲ್ಲಿ ಗೃಹ ಸಚಿವ ನಿಕೊಲಾ ಸಾರ್ಕೊಜಿ ಸದನದಲ್ಲಿ ಮಾತಾಡುತ್ತಿದ್ದಾಗ ಲಸಾಲ್ ಎದ್ದು ನಿಂತು ಒಕ್ಸಿತಾನ್ ಭಾಷೆಯ ಜನಪದ ಹಾಡೊಂದನ್ನು ಗಟ್ಟಿದನಿಯಲ್ಲಿ ಹಾಡಿದರು. ತಮ್ಮ ಕಣಿವೆಯ ಪೊಲೀಸ್ ಕಾವಲಿನ ವಿಚಾರಕ್ಕೆ ಅವರು ಕಂಡುಕೊಂಡ ಪ್ರತಿಭಟನೆ ಅದು.

3. ಯಾರಿಗಾಗಿ ಹೋರಾಡುತ್ತೀರಿ ಎಂಬುದು ಸ್ಪಷ್ಟವಿರಲಿ. ಲಸಾಲ್ ಅವರ ಆಸ್ಪ್ ಕಣಿವೆಯ ಅಕ್ಕೂಸ್‌ನಲ್ಲಿ ಜಪಾನಿ ಒಡೆತನದ ಅಲ್ಯೂಮಿನಿಯಂ ಕಾರ್ಖಾನೆ; ಸುಮಾರು 150 ಮಂದಿಗೆ ಅದೇ ಅನ್ನ. ಕಂಪನಿ ಸುಮಾರು 65 ಕಿ.ಮೀ. ಆಚೆಯ ಲಾಕ್‌ನಲ್ಲಿ ಹೊಸ ಘಟಕ ತೆರೆಯಲು ಹೊರಟಾಗ, ಇಲ್ಲಿನದು ಇವತ್ತಲ್ಲ ನಾಳೆ ಮುಚ್ಚುತ್ತದೆಂಬ ಭಯ ಹುಟ್ಟಿತು. 2006ರ ಮಾರ್ಚ್ 7ರಂದು ಲಸಾಲ್ ಪ್ಯಾರಿಸ್ಸಿನ ಸಂಸತ್ ಭವನದೊಳಗೇ ಉಪವಾಸ ಕೂತರು. ಸಹ ಸಂಸದರು ದಿನವೂ ಕಲಾಪಕ್ಕೆ ಹೋಗಿಬರುತ್ತಿದ್ದ ಜಾಗದಲ್ಲೇ ಆ ಎತ್ತರದ ಆಳು ಕಣ್ಣೆದುರಿಗೆ ಸೊರಗುತ್ತಾ ಹೋದರು. 39 ದಿನ. ಇಳಿದ ತೂಕ 20 ಕಿಲೋಗೂ ಹೆಚ್ಚು. ಕೊನೆಗೆ ಆಸ್ಪತ್ರೆ ಸೇರಿದರು. ಸರ್ಕಾರ ನಡುವೆ ಬಂತು, ಕಂಪನಿ ಲಾಕ್ ಯೋಜನೆ ಕೈಬಿಟ್ಟು ಅಕ್ಕೂಸ್‌ನಲ್ಲೇ ಮುಂದುವರಿಯಲು ಒಪ್ಪಿತು. ಜೀವವನ್ನು ಪಣಕ್ಕಿಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಆ 150 ಮನೆಗಳ ಒಲೆ ಅವರ ಕಣ್ಣಮುಂದಿತ್ತು, ಅದಕ್ಕೇ ಪಟ್ಟು ಸಡಿಲಲಿಲ್ಲ.

4. ನಡೆಯಿರಿ, ಕೇಳಿಸಿಕೊಳ್ಳಿ. 2013ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಅವರು ದೇಶದುದ್ದಕ್ಕೂ ಪಾದಯಾತ್ರೆ ಮಾಡಿದರು. ಸುಮಾರು 5,000 ಕಿ.ಮೀ. ಚುನಾವಣೆ ಹತ್ತಿರ ಬಂದಾಗ ಕಾರಿನಿಂದಿಳಿದು ಕೈಮುಗಿಯುವುದಕ್ಕೂ ಇದಕ್ಕೂ ಅಜಗಜಾಂತರ.

5. ಒಂದು ಸೋಲಿಗೆ ಅಂಗಡಿ ಮುಚ್ಚಬೇಡಿ. 2017ರ ಅಧ್ಯಕ್ಷ ಚುನಾವಣೆಯಲ್ಲಿ ಲಸಾಲ್‌ಗೆ ಸಿಕ್ಕಿದ್ದು ಶೇ. 1.21 ಮತ. 2022ರಲ್ಲಿ ಮತ್ತೆ ನಿಂತರು, ಶೇ. 3.13, ಅಂದರೆ 11 ಲಕ್ಷ ಮತ. ಸಮಾಜವಾದಿ ಪಕ್ಷದ ಅಭ್ಯರ್ಥಿ, ಪ್ಯಾರಿಸ್ಸಿನ ಮೇಯರ್ ಆನ್ ಇದಾಲ್ಗೊ ಈ ಕುರಿಗಾಹಿಯ ಮಗನಿಗಿಂತ ಹಿಂದೆ ಬಿದ್ದರು.