ಅಬ್ಬಿ ನೀರಿಗೆ ನಳ ಹಾಕುವ ಮುನ್ನ

ನಳ ಸೋರುತ್ತದೆ, ಟ್ಯಾಂಕಿ ಉಕ್ಕುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ನೀರು ಎಲ್ಲಿಂದ ಬರುತ್ತದೆ ಎಂದು. ಶಿರಸಿ ಪೇಟೆಯಲ್ಲಿ ಕೆಂಗ್ರೆ, ಮಾರಿಗದ್ದೆಯ ನೀರು ಕುಡಿಯುವವರಿಗೆ ಹೇಳುವ ಮದ್ದು ಬೇರೆ. ಯಲ್ಲಾಪುರದಲ್ಲಿ ಬಾವಿಗೆ ಪಂಪು ಇಟ್ಟುಕೊಂಡಿರುವ ನನ್ನ ಅಕ್ಕನಿಗೆ ಬೇರೆ. ಸಿದ್ದಾಪುರದ ಗುಡ್ಡದ ಬುಡದಲ್ಲಿ ಮೇಲಿನಿಂದ ತಾನೇ ಇಳಿದು ಬರುವ ಅಬ್ಬಿ ನೀರನ್ನೇ ನಂಬಿ ಕೂತ ನಮಗೆ ಅದೆರಡೂ ನಾಟುವುದಿಲ್ಲ. ಇಷ್ಟನ್ನು ನನ್ನ ಮೈದುನನ ತಲೆಗೆ ಹೊಗಿಸಲು ನನ್ನಿಂದ ಈವರೆಗೂ ಆಗಿಲ್ಲ.

ಮೈದುನ ಬೆಂಗಳೂರಿನಲ್ಲಿದ್ದಾನೆ. ಚೌತಿಗೆ ಊರಿಗೆ ಬರುವಾಗ ಎಲ್ಲರೂ ಮಕ್ಕಳಿಗೆ ಪಟಾಕಿ ತಂದರೆ ಇವನು ಒಂದು ಚೀಲ ನಳ ತಂದ. ಹೊಳೆಯುವ, ಕಾಲು ಸುತ್ತು ತಿರುಗಿಸಿದರೆ ಬಂದಾಗುವ ನಳಗಳು. ನಮ್ಮ ಬಚ್ಚಲಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಹಿತ್ತಾಳೆಯ ಹಳೇ ನಳ. ಅದು ಸದಾ ತೊಟ್ಟಿಕ್ಕುತ್ತಿತ್ತು, ಬುಡದಲ್ಲಿ ಸಡಿಲವಾಗಿ ಒಂದಿಷ್ಟು ಅಲ್ಲಾಡುತ್ತಿತ್ತು. ಬಚ್ಚಲ ಹಿಂದೆ ಕಲ್ಲಿನ ಮರಿಗೆ. ಗುಡ್ಡದಿಂದ ಬಂದ ಕರಿ ಪೈಪಿನ ಬಾಯಿ ಹಗಲೂ ರಾತ್ರಿಯೂ ಅದಕ್ಕೆ ಸುರಿಯುತ್ತಿತ್ತು. ಮರಿಗೆ ತುಂಬಿ ಹೊರಚೆಲ್ಲಿದ ನೀರು ತೋಟದ ಕಾದಿಗೆಗೆ ಹೋಗುತ್ತಿತ್ತು. ಅಡಿಕೆ ಮರ ಸೀಳಿ ಮಾಡಿದ ದೋಣಿಯಲ್ಲಿ ನೀರು ಬರುತ್ತಿದ್ದ ಕಾಲದಿಂದಲೂ ನಡೆದು ಬಂದದ್ದು ಹೀಗೆಯೇ.

ಇದು ಮೈದುನನ ಕಣ್ಣಿಗೆ ಪೋಲು. ಬೆಂಗಳೂರಿನಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟವನಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ, ಬಿಡಿ. ಎಲ್ಲ ನಳ ಬದಲಿಸಿದ. ಮರಿಗೆಗೆ ಸುರಿಯುತ್ತಿದ್ದ ಪೈಪಿನ ಬಾಯಿಗೆ ಒಂದು ಮುಚ್ಚಿಗೆಯನ್ನೂ ಬಿಗಿದ. "ನೀರಿಗೆ ಒಂದು ಬಾಯಿ ಬಿಡೋ ಮಾರಾಯಾ" ಎಂದೆ. "ಅತ್ತಿಗೆ, ನೀ ಸುಮ್ನಿರು. ಎಂತೂ ಆಗ್ತಿಲ್ಲೆ" ಎಂದ. ನಮ್ಮನೆಯವರು ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು, ತಮ್ಮನ ಮಾತಿಗೆ ಹೂಂ ಅಂದರು.

ಆಗುವುದು ಏನು ಅಂದರೆ, ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತದೆ. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿಯಿಂದ ಕೆಳಗಿನ ನಳಕ್ಕೆ ಬರುವುದು ಹೆಚ್ಚೆಂದರೆ ಅರ್ಧ ಕಿಲೋ. ನಮ್ಮ ಅಬ್ಬಿ ಇರುವುದು ಮೂರು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಮೇಲೆ. ಹತ್ತಿರ ಹತ್ತಿರ ನಾಲ್ಕು ಕಿಲೋ. ಪೈಪಿನ ಬಾಯಿ ತೆರೆದಿರುವಾಗ ಈ ಒತ್ತಡ ಗೊತ್ತೇ ಆಗುವುದಿಲ್ಲ, ನೀರು ಹರಿದು ಹೋಗುತ್ತಿರುತ್ತದೆ. ಎಲ್ಲ ಬಾಯಿ ಮುಚ್ಚಿದಿರೋ, ಅಷ್ಟೂ ಭಾರ ಇದ್ದಲ್ಲೇ ನಿಂತು ಸಂದು ಹುಡುಕುತ್ತದೆ. ಕಾಲು ಸುತ್ತಿನ ನಳವಾದರೆ ಇನ್ನೂ ಫಜೀತಿ. ಉದ್ದದ ಪೈಪಿನಲ್ಲಿ ಓಡಿ ಬರುವ ನೀರನ್ನು ಒಮ್ಮೆಲೇ ತಡೆದರೆ ಗುದ್ದು ಬೀಳುತ್ತದೆ. ಆ ದಿನ ನಳ ಮುಚ್ಚಿದಾಗಲೆಲ್ಲ ಗೋಡೆಯೊಳಗೆ ಢಬ್ ಎನ್ನುತ್ತಿತ್ತು. ಮೈದುನ ಅದನ್ನು ಕೇಳಿ "ಫೋರ್ಸು ನೋಡು" ಎಂದು ಖುಷಿಪಟ್ಟ.

ಅವತ್ತು ರಾತ್ರಿ ಮಳೆ ಹೊಯ್ಯುತ್ತಿತ್ತು. ಕರೆಂಟು ಸಂಜೆಯೇ ಹೋಗಿತ್ತು. ಹಬ್ಬಕ್ಕೆ ಬಂದವರೆಲ್ಲ ಮಲಗಿದ್ದರು. ಬಚ್ಚಲ ಕಡೆಯಿಂದ ಮಡಕೆ ಒಡೆದಂಥ ಸದ್ದು ಬಂತು, ಹಿಂದೆಯೇ ಒಂದು ಭೋರ್ಗರೆತ. ಬ್ಯಾಟರಿ ಹಿಡಿದು ಹೋಗಿ ನೋಡಿದರೆ ಹೊಸ ನಳ ಹಂಡೆಯ ಒಲೆಯೊಳಗೆ ಬಿದ್ದಿದೆ. ಗೋಡೆಯ ತೂತಿನಿಂದ ನೀರು ನೇರ ಎದುರಿನ ಗೋಡೆಗೆ ರಾಚುತ್ತಿದೆ. ಮಣ್ಣಿನ ಗೋಡೆ ಅದು. ನೋಡ ನೋಡುತ್ತಿದ್ದಂತೆ ಸುಣ್ಣ ಹೋಯಿತು, ಗಿಲಾವು ಹೋಯಿತು, ಒಳಗಿನ ಕೆಂಪು ಮಣ್ಣು ಕಲಸಿ ಇಳಿಯತೊಡಗಿತು. ಆ ಗೋಡೆಯ ಆಚೆಗೆ ಉಗ್ರಾಣ, ಅದರಲ್ಲಿ ವರ್ಷದ ಅಕ್ಕಿ.

ಮೈದುನ ಓಡಿ ಬಂದು ಹೆಬ್ಬೆರಳು ಒತ್ತಿದ, ನೀರು ಅವನ ಮುಖಕ್ಕೇ ಹಾರಿತು. ಹಳೇ ಪಂಚೆ ತುರುಕಿದ, ಅದು ಗೋಡೆಯಿಂದ ಚಿಮ್ಮಿ ಬಂದು ಕಾಲ ಬುಡಕ್ಕೆ ಬಿತ್ತು. ಕತ್ತಲಲ್ಲಿ ಎಲ್ಲರೂ "ವಾಲ್ವ್ ಎಲ್ಲಿ, ವಾಲ್ವ್ ಎಲ್ಲಿ" ಎನ್ನುತ್ತಿದ್ದರೆ ನಮ್ಮನೆಯವರು ಸಾವಕಾಶ ಗುಡ್ಡದ ಕಡೆ ಕೈ ತೋರಿಸಿದರು. ಪೈಪು ಎಳೆಸಿದ ವರ್ಷವೇ ಮನೆ ಹತ್ತಿರ ಒಂದು ವಾಲ್ವ್ ಹಾಕಿಸಿ ಎಂದು ನಾನು ಹೇಳಿದ್ದೆ. ಸುಮ್ಮನೆ ಖರ್ಚು ಎಂದಿದ್ದರು. ಅತ್ತೆ ಮಾತ್ರ ಬಾಗಿಲಲ್ಲೇ ನಿಂತು "ದೋಣಿ ಇದ್ದಾಗ ಈ ನಮ್ನಿ ಇತ್ತಿಲ್ಲೆ" ಎಂದರು, ಒಮ್ಮೆ ಅಲ್ಲ, ಬೆಳಗಿನವರೆಗೂ.

ಕಂಬಳಿಕೊಪ್ಪೆ ಹಾಕಿಕೊಂಡು ನಾನೂ ನಮ್ಮನೆಯವರೂ ಗುಡ್ಡ ಹತ್ತಿದೆವು. ದಾರಿಯೇ ಹಳ್ಳವಾಗಿತ್ತು. ಉಂಬಳ ಎಷ್ಟು ಹತ್ತಿದವು ಎಂಬುದು ಬೆಳಿಗ್ಗೆ ಗೊತ್ತಾಯಿತು. ಅಬ್ಬಿಯ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು ಪೈಪಿನ ತುದಿ ಕಿತ್ತು ಮೇಲೆ ಹಾಕಿದೆವು. ಮುಗಿಯಿತು ಅಂದುಕೊಂಡು ಕೆಳಗೆ ಬಂದರೆ ಬಚ್ಚಲಲ್ಲಿ ಇನ್ನೂ ಸುರಿಯುತ್ತಲೇ ಇದೆ. ಒಂದಿಂಚಿನ ಪೈಪು ಮೀಟರಿಗೆ ಅರ್ಧ ಲೀಟರ್ ನೀರು ಹಿಡಿಯುತ್ತದೆ, ಮೇಲೆ ಕಿತ್ತರೂ ಪೈಪಿನಲ್ಲಿ ನಿಂತದ್ದು ಇಳಿಯಲೇಬೇಕು. ಅಷ್ಟರೊಳಗೆ ಮೈದುನ ಉಗ್ರಾಣದಿಂದ ಅಕ್ಕಿ ಮೂಟೆ ಹೊರುತ್ತಿದ್ದ. ಆ ಒಂದು ಕೆಲಸಕ್ಕೆ ಅವನನ್ನು ಹೊಗಳಬೇಕು.

ಮರುದಿನ ಇನ್ನೊಂದು ತಮಾಷೆ. ಒಡೆದದ್ದು ನಳವಲ್ಲ, ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ. ಉದ್ದನೆಯ ಪೈಪ್ ಪಾನಾ ಹಾಕಿ ತಿರುವಿದ್ದಕ್ಕೆ ಎಳೆ ಬಿಟ್ಟಿತ್ತು, ಉಳಿದದ್ದನ್ನು ನೀರಿನ ಗುದ್ದು ಮುಗಿಸಿತು. ಶಿರಸಿಯಿಂದ ಪ್ಲಂಬರ್ ಹಬ್ಬ ಮುಗಿಯದೆ ಬರುವುದಿಲ್ಲ ಎಂದ. ಸಿದ್ದಾಪುರದಿಂದ ಒಳಗೆ ಹಿತ್ತಾಳೆ ಮರೆ ಇರುವ ಎಲ್ಬೋ ತರಿಸಿ ನಾನೇ ಕೂಡಿಸಿದೆ. ಪೈಪಿನ ತುದಿಯ ಪಸೆ ಒರೆಸಿ, ಸೊಲ್ಯೂಷನ್ ಹಚ್ಚಿ, ಒಣಗಲು ಬಿಟ್ಟೆ. ನಳದ ಮರೆಗೆ ಟೆಫ್ಲಾನ್ ಟೇಪನ್ನು ನಳ ತಿರುಗುವ ದಿಕ್ಕಿಗೇ ಸುತ್ತಬೇಕು, ತಿರುಗುಮುರುಗಾದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಒಂದು ಸುತ್ತು ಸಾಕು, ಶಕ್ತಿ ತೋರಿಸುವ ಜಾಗ ಅದಲ್ಲ. ಇಷ್ಟೆಲ್ಲ ಆಗಿ ಅಬ್ಬಿಗೆ ಪೈಪು ಜೋಡಿಸಿದರೆ ನೀರೇ ಇಲ್ಲ! ಪೈಪಿನ ಉಬ್ಬುಗಳಲ್ಲಿ ಗಾಳಿ ಕೂತಿತ್ತು. ಉಬ್ಬಿದ ಜಾಗದ ಜಾಯಿಂಟು ಸಡಿಲಿಸಿ ಗಾಳಿ ಬಿಟ್ಟ ಮೇಲೆ ಕೆಮ್ಮುತ್ತಾ ಕೆಮ್ಮುತ್ತಾ ಬಂತು.

ಈಗ ನಮ್ಮಲ್ಲಿ ಅಬ್ಬಿ ನೀರು ನೇರ ನಳಕ್ಕೆ ಬರುವುದಿಲ್ಲ. ಬಚ್ಚಲ ಮೇಲಿನ ಟ್ಯಾಂಕಿಗೆ ಸುರಿಯುತ್ತದೆ, ಅಲ್ಲಿಂದ ಅರ್ಧ ಕಿಲೋ ಒತ್ತಡದಲ್ಲಿ ನಳಗಳಿಗೆ. ಟ್ಯಾಂಕಿಗೆ ಫ್ಲೋಟ್ ವಾಲ್ವ್ ಹಾಕಿಲ್ಲ. ಹಾಕಿದರೆ ಮತ್ತೆ ಬಾಯಿ ಮುಚ್ಚಿದಂತೆಯೇ, ಅದೂ ಅಲ್ಲದೆ ಮರಳು, ತರಗೆಲೆ ಸಿಕ್ಕಿ ಎರಡೇ ವಾರಕ್ಕೆ ಕೆಡುತ್ತದೆ. ಅಬ್ಬಿಯ ಟ್ಯಾಂಕಿ ಉಕ್ಕಬೇಕು. ಒಳಬರುವ ಪೈಪಿಗಿಂತ ಹೊರಹೋಗುವ ಪೈಪು ದಪ್ಪಗಿರಬೇಕು, ಗೋಡೆಗೆ ತಾಗದಂತೆ ತೋಟಕ್ಕೆ ಹೋಗಬೇಕು, ಅಷ್ಟೇ. ಮನೆ ಪಕ್ಕಕ್ಕೆ ವಾಲ್ವ್ ಬಂದಿದೆ, ಅದನ್ನು ಮುಚ್ಚುವಾಗ ನಿಧಾನಕ್ಕೆ ಮುಚ್ಚಬೇಕು. ಟ್ಯಾಂಕಿಯ ಮುಚ್ಚಳಕ್ಕೆ ತಂತಿ ಬಿಗಿದಿದ್ದೇವೆ, ಮಂಗಗಳಿಗೆ ಸ್ನಾನದ ಹುಚ್ಚು.

ಅಂದಹಾಗೆ, ಅಂಗಳದಲ್ಲಿ ಸರ್ಕಾರದ ನಳವೂ ಒಂದಿದೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನದು, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ನಳದ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದವರು ನೀರು ಯಾವಾಗ ಎಂದು ಕೇಳಿದ್ದಕ್ಕೆ "ಅದು ಬೇರೆಯವರ ಕೆಲಸ" ಎಂದು ಬೈಕ್ ಹತ್ತಿದರು. ಆ ನಳ ಮಾತ್ರ ಈವರೆಗೆ ಒಂದು ಹನಿ ಸೋರಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ಆ ಬೇರೆ ಮದ್ದುಗಳು. ಪೇಟೆಯ ಟ್ಯಾಂಕಿ ಉಕ್ಕಿದರೆ ಮೊದಲು ಫ್ಲೋಟಿನ ಚೆಂಡು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ಚೆಂಡು ಸೀಳಿ ನೀರು ಕುಡಿದಿದೆ, ಅದು ತೇಲುವುದಿಲ್ಲ, ವಾಲ್ವ್ ಮುಚ್ಚುವುದಿಲ್ಲ. ಚೆಂಡೊಂದನ್ನೇ ಬದಲಿಸಿದರೆ ಸಾಕು, ಅಂಗಡಿಯವರು ಇಡೀ ಸೆಟ್ ಮಾರಲು ನೋಡುತ್ತಾರೆ. ಪಂಪಿನ ಲೈನಿಗೆ ಬರೀ ಫ್ಲೋಟ್ ಹಾಕಿದರೆ ಪಂಪು ಮುಚ್ಚಿದ ಬಾಯಿಗೆ ನೂಕುತ್ತಾ ಕಾಯುತ್ತದೆ. ಟ್ಯಾಂಕಿ ತುಂಬಿದ ಕೂಡಲೇ ಮೋಟರನ್ನೇ ನಿಲ್ಲಿಸುವ ಸ್ವಿಚ್ಚು ಬೇಕು. ಯಲ್ಲಾಪುರದ ಅಕ್ಕನಿಗೆ ಇದನ್ನೇ ಹೇಳುತ್ತಿದ್ದೇನೆ. ಅವಳಲ್ಲಿ ಕರೆಂಟು ಅಪರಾತ್ರಿ ಬರುತ್ತದೆ, ಹಾಕಿಟ್ಟ ಪಂಪು ತಾನೇ ಹೊರಟು ಬೆಳಗಿನವರೆಗೆ ಉಕ್ಕಿಸುತ್ತದೆ. ಭಾವ ಒಪ್ಪುತ್ತಿಲ್ಲ. "ನೀರು ದಾಸವಾಳದ ಬುಡಕ್ಕೇ ಹೋಗ್ತಲ, ನಷ್ಟ ಎಂತು?" ಎನ್ನುತ್ತಾರೆ. ಬಿಲ್ಲು ಯಾರ ಬುಡಕ್ಕೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಪೇಪರು ಮಡಚಿ ಎದ್ದು ಹೋದರು.