ರಂಜಕಕ್ಕೊಂದು ಅಣುಪಂಜರ

ಬಿಳಿ ರಂಜಕವನ್ನು ನೀರಿನಲ್ಲಿ ಮುಳುಗಿಸಿಡಬೇಕೆಂಬುದು ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿಯೇ ನಾವು ಕಲಿಯುವ ಪಾಠ. ಗಾಳಿಗೊಡ್ಡಿದೊಡನೆ ಅದು ಹೊಗೆಯಾಡತೊಡಗುತ್ತದೆ. ಉಷ್ಣತೆ ಸುಮಾರು 30 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1669ರಲ್ಲಿ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಇದನ್ನು ಕಂಡುಹಿಡಿದಂದಿನಿಂದ ಇದರ ಗುಣವು ಮನುಷ್ಯನನ್ನು ಬೆರಗುಗೊಳಿಸಿದಂತೆಯೇ ಹೆದರಿಸಿಯೂ ಇದೆ. ಹತ್ತೊಂಬತ್ತನೆಯ ಶತಮಾನದ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಇದರ ಆವಿಯನ್ನು ಉಸಿರಾಡಿದ ಕೆಲಸಗಾರರ ದವಡೆಯ ಮೂಳೆಗಳು ಕೊಳೆತುಹೋದವು. ಯುದ್ಧಗಳಲ್ಲಿ ಇದನ್ನು ತುಂಬಿದ ಬಾಂಬುಗಳು ಊರುಗಳನ್ನು ಸುಟ್ಟಿವೆ.

ಇಂತಹ ಉಗ್ರ ವಸ್ತುವನ್ನು ಗಾಳಿಯ ನಡುವೆಯೇ ತಿಂಗಳುಗಟ್ಟಲೆ ಸುಮ್ಮನಿರಿಸಬಹುದೇ? ಸಾಧ್ಯವೆಂಬುದನ್ನು 2009ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೊನಾಥನ್ ನಿಟ್ಷ್ಕೆ ಅವರೂ ಅವರ ಸಹೋದ್ಯೋಗಿಗಳಾದ ಪ್ರಸೇನ್‌ಜಿತ್ ಮಾಲ್, ಬೋರಿಸ್ ಬ್ರೈನರ್ ಮತ್ತು ಕಾರಿ ರಿಸ್ಸಾನೆನ್ ಅವರೂ ತೋರಿಸಿಕೊಟ್ಟರು. ಅವರು ಬಳಸಿದ ಸಾಧನ ಒಂದು ಪಂಜರ; ಒಂದೇ ಒಂದು ರಂಜಕದ ಅಣು ಹಿಡಿಸುವಷ್ಟು ಸಣ್ಣ ಪಂಜರ.

ಒಂದು ಅಣುವಿನ ಪೊಳ್ಳಿನೊಳಗೆ ಮತ್ತೊಂದು ಅಣುವನ್ನೋ ಅಯಾನನ್ನೋ ಕೂರಿಸುವ ವಿದ್ಯೆ ಅದಾಗಲೇ ಹೊಸದಾಗಿರಲಿಲ್ಲ. ಪೊಳ್ಳುಳ್ಳ ಅಣುವನ್ನು ಆತಿಥೇಯವೆಂದೂ ಒಳಗೆ ಬಂದು ಕೂರುವುದನ್ನು ಅತಿಥಿಯೆಂದೂ ರಸಾಯನಶಾಸ್ತ್ರಜ್ಞರು ಕರೆಯುತ್ತಾರೆ. ಈ ಕ್ಷೇತ್ರಕ್ಕೆ ತಳಹದಿ ಹಾಕಿದ ಪೆಡರ್ಸನ್, ಕ್ರ್ಯಾಮ್ ಮತ್ತು ಲೆಹ್ನ್ ಅವರಿಗೆ 1987ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಇಂತಹ ಅಣುಗಳನ್ನು ಬಂಧದ ಮೇಲೆ ಬಂಧವಿಟ್ಟು, ಹಂತಹಂತವಾಗಿ ಕಟ್ಟುವುದು ಬಹಳ ಶ್ರಮದ ಕೆಲಸ. ಪಂಜರವು ತಾನೇ ತನ್ನನ್ನು ಕಟ್ಟಿಕೊಳ್ಳುವಂತಾದರೆ? ಜಪಾನಿನ ಮಕೋಟೊ ಫುಜಿತಾ ಅವರ ತಂಡವು 1995ರಲ್ಲಿ ಆರು ಪಲ್ಲೇಡಿಯಂ ಅಯಾನುಗಳೂ ನಾಲ್ಕು ತ್ರಿಕೋನಾಕಾರದ ಅಣುಗಳೂ ದ್ರಾವಣದಲ್ಲಿ ತಾವಾಗಿ ಕೂಡಿಕೊಂಡು ಪಂಜರವಾಗುವುದನ್ನು ಪ್ರಕಟಿಸಿತು. ಇದಕ್ಕೆ ಸ್ವಯಂಜೋಡಣೆ ಎಂದು ಹೆಸರು. ಕೇಂಬ್ರಿಜ್ಜಿನ ಪಂಜರವೂ ಇದೇ ಜಾತಿಯದು.

ಮೊದಲು ಅತಿಥಿಯ ಆಕಾರವನ್ನು ನೋಡೋಣ. ಬಿಳಿ ರಂಜಕದ ಅಣುವಿನಲ್ಲಿ ನಾಲ್ಕು ಪರಮಾಣುಗಳಿವೆ. ಅವು ಚತುರ್ಮುಖಿಯ, ಎಂದರೆ ನಾಲ್ಕು ತ್ರಿಕೋನ ಮುಖಗಳುಳ್ಳ ಘನಾಕೃತಿಯ, ನಾಲ್ಕು ಮೂಲೆಗಳಲ್ಲಿ ನಿಂತಿವೆ. ಅದರ ಆರು ಅಂಚುಗಳೇ ಆರು ಬಂಧಗಳು. ಬಂಧಗಳ ನಡುವಣ ಕೋನ ಕೇವಲ 60 ಡಿಗ್ರಿ. ಇಷ್ಟು ಕಿರಿದಾದ ಕೋನಕ್ಕೆ ಬಾಗಿದ ಬಂಧಗಳು ಬಗ್ಗಿಸಿ ಹಿಡಿದ ಬಿದಿರಿನಂತೆ ಬಿಗುವಿನಲ್ಲಿರುತ್ತವೆ. ಆಮ್ಲಜನಕ ದೊರೆತೊಡನೆ ಅಣುವು ಉರಿದೇಳುವುದಕ್ಕೆ ಈ ಬಿಗುವೂ ಒಂದು ಕಾರಣ.

ಸೋಜಿಗವೆಂದರೆ ಪಂಜರದ ಆಕಾರವೂ ಚತುರ್ಮುಖಿಯೇ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಕಬ್ಬಿಣದ ಅಯಾನುಗಳು. ಆರು ಅಂಚುಗಳಲ್ಲಿ ಆರು ಇಂಗಾಲಯುಕ್ತ ಸರಳುಗಳು. ಪ್ರತಿಯೊಂದು ಸರಳಿನ ಎರಡು ತುದಿಗಳಲ್ಲಿಯೂ ಅಮೀನು ಗುಂಪಿದೆ. ಪ್ರತಿ ತುದಿಗೂ ಪಿರಿಡೀನ್ ಉಂಗುರವುಳ್ಳ ಒಂದು ಆಲ್ಡಿಹೈಡು ಅಣು ಬಂದು, ಒಂದು ನೀರಿನ ಅಣುವನ್ನು ಕಳೆದುಕೊಂಡು ಸೇರುತ್ತದೆ. ಆಗ ಆ ತುದಿಯಲ್ಲಿ ಕಬ್ಬಿಣವನ್ನು ಹಿಡಿಯಬಲ್ಲ ಎರಡು ಸಾರಜನಕ ಪರಮಾಣುಗಳು ಸಿದ್ಧವಾಗುತ್ತವೆ.

ಈಗ ಲೆಕ್ಕ ಹಾಕೋಣ. ಆರು ಸರಳುಗಳಿಗೆ ಹನ್ನೆರಡು ತುದಿಗಳು. ಇಲ್ಲಿ ಕಬ್ಬಿಣದ ಪ್ರತಿ ಅಯಾನಿಗೆ ಆರು ಸಾರಜನಕಗಳು ಬೇಕು; ಎಂದರೆ ಮೂರು ತುದಿಗಳು. ನಾಲ್ಕು ಅಯಾನುಗಳಿಗೆ ಸರಿಯಾಗಿ ಹನ್ನೆರಡು ತುದಿಗಳು! ಒಂದೂ ಮಿಗುವುದಿಲ್ಲ, ಒಂದೂ ಕಡಮೆಯಾಗುವುದಿಲ್ಲ. ವಿದ್ಯಾರ್ಥಿಗಳು ಆರು ತೆಂಗಿನ ಕಡ್ಡಿಗಳನ್ನು ಸಮನಾಗಿ ಮುರಿದು, ನಾಲ್ಕು ಹಸಿಮಣ್ಣಿನ ಉಂಡೆಗಳಿಗೆ ಮೂರುಮೂರರಂತೆ ಚುಚ್ಚಿ ನೋಡಿದರೆ ಪಂಜರದ ರಚನೆ ಕಣ್ಣಿಗೆ ಕಟ್ಟುತ್ತದೆ.

ಆರು ಸರಳು, ಹನ್ನೆರಡು ಆಲ್ಡಿಹೈಡು, ನಾಲ್ಕು ಕಬ್ಬಿಣ, ಒಟ್ಟು ಇಪ್ಪತ್ತೆರಡು ಬಿಡಿಭಾಗಗಳು ನೀರಿನಲ್ಲಿ ತಾವಾಗಿ ಈ ರೂಪಕ್ಕೆ ಬರುವುದು ಹೇಗೆ? ಇಲ್ಲಿಯ ಬಂಧಗಳು ಮೂಡಿ, ಬಿಟ್ಟು, ಮತ್ತೆ ಮೂಡಬಲ್ಲವು. ಗೋಡೆ ಸೊಟ್ಟಗಾದರೆ ಗಾರೆಯವನು ಇಟ್ಟಿಗೆಯನ್ನು ಕಿತ್ತು ಮತ್ತೆ ಇಡುವಂತೆ, ತಪ್ಪಾಗಿ ಕೂಡಿದ ಭಾಗಗಳು ಬಿಚ್ಚಿಕೊಂಡು ಬೇರೆಡೆ ಕೂಡುತ್ತವೆ. ಎಲ್ಲ ತುದಿಗಳಿಗೂ ಎಲ್ಲ ಅಯಾನುಗಳಿಗೂ ಜೊತೆ ದೊರೆಯುವ ರಚನೆಯೇ ಹೆಚ್ಚು ಸ್ಥಿರ. ಕೊನೆಗೆ ಉಳಿಯುವುದು ಅದೇ.

ಸರಳುಗಳ ಹೊರಮೈಯಲ್ಲಿ ಗಂಧಕವುಳ್ಳ ಸಲ್ಫೋನೇಟು ಗುಂಪುಗಳಿರುವುದರಿಂದ ಪಂಜರವು ನೀರಿನಲ್ಲಿ ಕರಗುತ್ತದೆ. ಒಳಗಿನ ಪೊಳ್ಳಾದರೋ ಎಣ್ಣೆಯಂತೆ ನೀರಿಗೆ ಒಗ್ಗದು. ರಂಜಕವೂ ನೀರಿಗೆ ಒಗ್ಗದ ವಸ್ತುವೇ. ಆದುದರಿಂದ ಅದರ ಅಣುಗಳು ನೀರಿಗಿಂತ ಪಂಜರದ ಒಡಲನ್ನೇ ಹೆಚ್ಚು ಮೆಚ್ಚಿ ಒಳಸೇರುತ್ತವೆ. ಹೀಗೆ ನೀರಿನಲ್ಲಿ ಕರಗದ ರಂಜಕವು ಪಂಜರದ ಬೆನ್ನೇರಿ ಕರಗಿದಂತಾಗುತ್ತದೆ.

ಒಳಹೊಕ್ಕ ರಂಜಕವು ಉರಿಯದಿರಲು ಕಾರಣವೇನು? ಆಮ್ಲಜನಕವು ಅದರ ಬಳಿಗೆ ಹೋಗದಂತೆ ಪಂಜರವು ಬಾಗಿಲು ಮುಚ್ಚಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಸಂಶೋಧಕರು ಕೊಟ್ಟ ವಿವರಣೆ ಬೇರೆ. ರಂಜಕವು ಉರಿಯುವಾಗ ಅದರ ಬಂಧಗಳ ನಡುವೆ ಆಮ್ಲಜನಕದ ಪರಮಾಣುಗಳು ತೂರಿಕೊಳ್ಳುತ್ತವೆ, ಅಣುವು ಹಿಗ್ಗುತ್ತದೆ. ಹಿಗ್ಗಿದ ಅಣು ಈ ಪೊಳ್ಳಿನಲ್ಲಿ ಹಿಡಿಸದು. ಕಿರಿದಾದ ಪೆಟ್ಟಿಗೆಯೊಳಗೆ ಕೊಡೆಯನ್ನು ಬಿಚ್ಚಲಾಗುವುದೇ? ಅದರಂತೆ ಜಾಗವಿಲ್ಲದ ಕಾರಣ ಕ್ರಿಯೆಯೇ ನಡೆಯಲಾರದು. ಪಂಜರವು ಶತ್ರುವನ್ನು ತಡೆಯುವುದಿಲ್ಲ. ಬದಲಾಗಲು ಬೇಕಾದ ಎಡೆಯನ್ನು ಕೊಡುವುದಿಲ್ಲ.

ಸೆರೆಯಿಂದ ಬಿಡುಗಡೆಯೂ ಉಂಟು. ದ್ರಾವಣಕ್ಕೆ ಬೆಂಜೀನ್ ಸೇರಿಸಿದರೆ ಅದರ ಅಣುಗಳು ಅದೇ ಸ್ಥಳಕ್ಕಾಗಿ ಪೈಪೋಟಿ ನಡೆಸಿ, ರಂಜಕವನ್ನು ಹೊರದೂಡಿ ತಾವು ಕೂರುತ್ತವೆ. ಪಂಜರಕ್ಕೆ ಭಂಗವಿಲ್ಲ. ಹೊರಬಂದ ರಂಜಕವು ಮತ್ತೆ ತನ್ನ ಹಳೆಯ ಉಗ್ರ ಸ್ವಭಾವವನ್ನೇ ತಾಳುತ್ತದೆ. ಪಂಜರವು ಅದನ್ನು ಬೇರೊಂದು ವಸ್ತುವಾಗಿ ಮಾಡಿರಲಿಲ್ಲ.

ಈ ಪ್ರಯೋಗದಿಂದ ರಂಜಕದ ಬಾಂಬುಗಳ ಭಯ ತೀರಿತೆಂದು ತಿಳಿಯಬಾರದು. ಇದು ಪ್ರಯೋಗಶಾಲೆಯ ಅಲ್ಪ ಪ್ರಮಾಣದ ಸಾಧನೆ. ಆದರೂ ಇದರಿಂದ ದೊರೆತ ತತ್ತ್ವ ದೊಡ್ಡದು: ವಸ್ತುವಿನ ವರ್ತನೆಯನ್ನು ಅದರ ಬಂಧಗಳಷ್ಟೇ ಅಲ್ಲ, ಅದಿರುವ ಎಡೆಯೂ ನಿರ್ಧರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪಾರ್ಥಸಾರಥಿ ಮುಖರ್ಜಿ ಅವರ ತಂಡವು ಇಂತಹ ಸ್ವಯಂಜೋಡಿತ ಪಂಜರಗಳನ್ನು ರಚಿಸಿ, ಅವುಗಳೊಳಗೆ ಅಣುಗಳ ನಡೆವಳಿಕೆಯನ್ನು ಅಭ್ಯಸಿಸಿದೆ. ಇದುವರೆಗೆ ರಸಾಯನಶಾಸ್ತ್ರಜ್ಞನು ವಸ್ತುಗಳನ್ನು ಗಾಜಿನ ಕುಪ್ಪಿಯಲ್ಲಿ ಕೋಟಿಕೋಟಿಯಾಗಿ ಇಡುತ್ತಿದ್ದನು. ಈಗ ಒಂದೊಂದು ಅಣುವಿಗೂ ಒಂದೊಂದು ಕುಪ್ಪಿ ಒದಗಿದೆ. ಅದರೊಳಗೆ ಯಾವ ಅಣುವನ್ನು ಕೂರಿಸಿ ಏನನ್ನು ಸಾಧಿಸಬಹುದೆಂಬುದು ಇಂದಿನ ವಿದ್ಯಾರ್ಥಿಗಳ ಮುಂದೆ ತೆರೆದಿರುವ ಪ್ರಶ್ನೆ.